ತಂಡ ಕೊಡದೆ ಅನುಭವ ಎಲ್ಲಿಂದ?

ಸಂಪಾದಕರೇ,

ಕಸ್ಟಮರ್ ಕೇರ್‌ನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂತು 6 ವರ್ಷವಾಯಿತು. ಸೇರಿದ ದಿನದ ಹುದ್ದೆಯೇ ಇವತ್ತಿಗೂ. ಈಚೆಗೆ ಟೀಮ್ ಲೀಡರ್ ಜಾಗ ಖಾಲಿಯಾದಾಗ ಅರ್ಜಿ ಹಾಕಿದೆ. ‘ತಂಡ ನಡೆಸಿದ ಅನುಭವ ಇಲ್ಲ’ ಎಂದರು. ತಂಡ ಕೊಡದೆ ಅನುಭವ ಎಲ್ಲಿಂದ ಬರಬೇಕು, ಅಲ್ವಾ? ಹೊರಗಿನವರೊಬ್ಬರು ಬಂದರು. ಅವರ ಪಕ್ಕ ಕುರ್ಚಿ ಎಳೆದುಕೊಂಡು, ದೂರು ದಾಖಲಿಸುವ ಸಾಫ್ಟ್‌ವೇರ್ ಕಲಿಸಿಕೊಟ್ಟವನು ನಾನೇ! (ಒಳ್ಳೆಯ ಮನುಷ್ಯ, ಅವರ ಮೇಲೆ ಸಿಟ್ಟಿಲ್ಲ.)

ನನ್ನ ಪಕ್ಕದ ಸೀಟಿನವಳ ಪಾಡು ಇನ್ನೂ ಕಷ್ಟ. ಕೂರುವುದು ಇಲ್ಲೇ, ಸಂಬಳ ಬರುವುದು ಗುತ್ತಿಗೆದಾರರಿಂದ. ಖಾಲಿ ಹುದ್ದೆಯ ಇಮೇಲ್ ಅವಳಿಗೆ ಬರುವುದೇ ಇಲ್ಲ. ಹೊರಗೆ ಜಾಹೀರಾತು ಕೊಡುವ ಮೊದಲು ಕಂಪನಿಗಳು ಒಳಗಿನವರಿಗೆ ಒಂದು ತಿಂಗಳಾದರೂ ತಂಡ ಕೊಟ್ಟು ನೋಡಲಿ. ಆಗದಿದ್ದರೆ ಹೆಡ್‌ಸೆಟ್ ಹೇಗೂ ಮೇಜಿನ ಮೇಲೇ ಇರುತ್ತದೆ.

– ಒಬ್ಬ ಕಸ್ಟಮರ್ ಕೇರ್ ನೌಕರ