ಅಜ್ಜಿ ಮಿಸ್ ನೆನಪಿಗೆ ಕಲ್ಲು ಬೇಡ, ಸೆಲ್ ಕೊಡಿ

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳಿಗೆ ನಮ್ಮಜ್ಜಿ ಹೋಗಿ ಒಂದು ವರ್ಷ. ಮೈಸೂರಿನಲ್ಲಿ ಅವರ ಹತ್ತಿರ ಮಾತು ಕಲಿತವರು, ಅದಕ್ಕಿಂತ ಜಾಸ್ತಿ ಅವರಿಂದ ಬೈಸಿಕೊಂಡವರು, ಬೇಕಾದಷ್ಟು ಜನ ಇದ್ದೀರಿ. ಅವರ ನೆನಪಿಗೆ ಅವರು ಪಾಠ ಹೇಳುತ್ತಿದ್ದ ಶಾಲೆಗೆ ಏನಾದರೂ ಮಾಡಬೇಕು ಅಂತ ದಿನಾ ಯಾರಾದರೂ ಫೋನ್ ಮಾಡುತ್ತೀರಿ. ಒಬ್ಬರು ಗೇಟಿಗೆ ಕಮಾನು ಕಟ್ಟಿಸಿಕೊಡುತ್ತೇನೆ ಅಂದರು. ಇನ್ನೊಬ್ಬರು ಗ್ರಾನೈಟ್ ಮೇಲೆ ಹೆಸರು ಕೆತ್ತಿಸೋಣ ಅಂದರು. ಪ್ರೀತಿಯಿಂದಲೇ ಕೇಳಿದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಕಲ್ಲು ಬೇಡ. ಸೆಲ್ ಕೊಡಿ. ಮಕ್ಕಳ ಹಿಯರಿಂಗ್ ಏಡ್‌ಗೆ ಹಾಕುವ, ಷರಟಿನ ಗುಂಡಿಯಷ್ಟೇ ಇರುವ ಸೆಲ್.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಅಜ್ಜಿ ಕಿವಿ ಕೇಳದ ಮಕ್ಕಳ ಟೀಚರ್. ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ, ಅದೇ ಮೈಸೂರಿನ ಜನ 'ಸ್ಪೀಚ್ ಅಂಡ್ ಹಿಯರಿಂಗ್' ಅನ್ನುವುದು, ಅದು 1965ರಲ್ಲಿ ಶುರುವಾದಾಗ ಅಜ್ಜಿಗೆ ಇನ್ನೂ ಮದುವೆ ಆಗಿರಲಿಲ್ಲ. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಹೊರಟರು. "ಮೂಗ ಮಕ್ಕಳಿಗೆ ಪಾಠ ಹೇಳೋದೂ ಒಂದು ಕೆಲಸಾನಾ?" ಅಂತ ಅವರ ಮಾವ ಕೇಳಿದರಂತೆ. "ಅವರು ಮೂಗರಲ್ಲ ಮಾವ, ಕೇಳಿಸಿಲ್ಲ ಅಷ್ಟೆ. ನಿಮಗೆ ಕೇಳಿಸತ್ತೆ, ಆದ್ರೂ ನಾನು ಹೇಳಿದ್ದು ತಲೆಗೆ ಹೋಗಲ್ಲ" ಅಂದರಂತೆ ಅಜ್ಜಿ. ಆಮೇಲೆ ಮನೆಯಲ್ಲಿ ಎರಡು ದಿನ ಯಾರೂ ಮಾತಾಡಲಿಲ್ಲವಂತೆ. ಮೂರನೇ ದಿನ ಇವರು ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ಹೋದರು. ನನಗೆ ನೆನಪಿರುವ ಹೊತ್ತಿಗೆ ಒಂದು ಲೂನಾ ಬಂದಿತ್ತು, ಅದರ ಹಿಂದೆ ಯಾವುದಾದರೂ ಒಂದು ಮಗು ಇದ್ದೇ ಇರುತ್ತಿತ್ತು, ನಾವು ಮೊಮ್ಮಕ್ಕಳಿಗೆ ಮಾತ್ರ ಜಾಗ ಇಲ್ಲ.

ಅವರ ಕ್ಲಾಸಿನಲ್ಲಿ ಬೆಳಗ್ಗೆ ಮೊದಲ ಕೆಲಸ ಹಾಜರಿ ಅಲ್ಲ, ಹುಣಸೆಬೀಜ. ಮಗುವಿನ ಕೈಯಲ್ಲಿ ಒಂದು ಹಿಡಿ ಬೀಜ, ಮುಂದೆ ಸ್ಟೀಲ್ ಬಟ್ಟಲು. ತುಟಿ ನೋಡಿ ಊಹೆ ಮಾಡಬಾರದು ಅಂತ ಅಜ್ಜಿ ಬೀಸಣಿಗೆಯಿಂದ ಬಾಯಿ ಮುಚ್ಚಿಕೊಂಡು ಆರು ಸದ್ದು ಮಾಡುತ್ತಿದ್ದರು: ಆ, ಈ, ಊ, ಶ್, ಸ್, ಮ್. ಕೇಳಿಸಿದಾಗ ಮಗು ಒಂದು ಬೀಜ ಬಟ್ಟಲಿಗೆ ಹಾಕಬೇಕು. ಮಾತಿನಲ್ಲಿ ಬರುವ ದಪ್ಪ ಸದ್ದು, ಸಣ್ಣ ಸದ್ದು ಎಲ್ಲಾ ಈ ಆರರಲ್ಲಿ ಬಂದುಬಿಡುತ್ತವೆ. ನಿನ್ನೆ 'ಸ್' ಕೇಳಿದ ಮಗುವಿಗೆ ಇವತ್ತು ಕೇಳಲಿಲ್ಲ ಅಂದರೆ ಸೆಲ್ ಮುಗಿದಿರಬಹುದು, ಟ್ಯೂಬಿನಲ್ಲಿ ನೀರು ನಿಂತಿರಬಹುದು, ಅಥವಾ ಮಗುವಿಗೆ ನೆಗಡಿಯಾಗಿ ಕಿವಿ ಕಟ್ಟಿರಬಹುದು. ಎರಡು ನಿಮಿಷದ ಕೆಲಸ. ಬಟ್ಟಲಿಗೆ ಬೀಜ ಬೀಳದಿದ್ದರೆ ಆವತ್ತು ಅ ಆ ಇ ಈ ಏನೂ ಇಲ್ಲ, ಮೊದಲು ಮೆಷಿನ್, ಅಂದರೆ ಹಿಯರಿಂಗ್ ಏಡ್, ರಿಪೇರಿ.

ಕೊನೆಯ ನಾಲ್ಕು ವರ್ಷ ಅಜ್ಜಿಗೇ ಕಿವಿ ಮಂದವಾಯಿತು. ಅವರಿಗೂ ಮೆಷಿನ್ ಬಂತು. ಮಕ್ಕಳಿಗೆ ಹಬ್ಬವೋ ಹಬ್ಬ! ಬೆಳಗ್ಗೆ ಒಂದು ಮಗು ಬೀಸಣಿಗೆ ಹಿಡಿದು ಅಜ್ಜಿ ಮುಂದೆ ನಿಂತು ಆ, ಈ, ಊ ಶುರು ಮಾಡುತ್ತಿತ್ತು, ಅಜ್ಜಿ ಹುಣಸೆಬೀಜ ಹಿಡಿದು ಕೂತಿರುತ್ತಿದ್ದರು. ವಯಸ್ಸಾದವರಿಗೆ ಮೊದಲು ಕೈಕೊಡುವುದು ಸಣ್ಣ ಸದ್ದು, ಅದಕ್ಕೇ 'ಸ್' ಬಂದಾಗ ಅಜ್ಜಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೂ ಅಂದಾಜಿನ ಮೇಲೆ ಒಂದು ಬೀಜ ಹಾಕಿಬಿಡುವುದು. "ಅಜ್ಜಿ ಮಿಸ್ ಮೋಸ!" ಅಂತ ಮಗು ಕೂಗುತ್ತಿತ್ತು, ಮೂರು ವರ್ಷದ ಹಿಂದೆ ಅಮ್ಮಾ ಅನ್ನಲೂ ಬಾರದಿದ್ದ ಮಗು.

ಈಗ ಲೆಕ್ಕಕ್ಕೆ ಬರೋಣ. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಮೆಷಿನ್, ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಉಚಿತವಾಗಿ ಸಿಗುತ್ತದೆ. ಒಳ್ಳೆಯದೇ. ತೊಂದರೆ ಶುರುವಾಗುವುದು ಆಮೇಲೆ. ಈ ಸೆಲ್‌ಗೆ ಒಂದು ನೀಲಿ ಸ್ಟಿಕ್ಕರ್ ಇರುತ್ತದೆ, ಅದನ್ನು ಕಿತ್ತರೆ ಒಳಗೆ ಗಾಳಿ ಹೋಗಿ ಸೆಲ್ ಕೆಲಸ ಶುರು ಮಾಡುತ್ತದೆ, ಆಮೇಲೆ ಮೆಷಿನ್ ಆಫ್ ಮಾಡಿಟ್ಟರೂ ಅದು ಖಾಲಿಯಾಗುತ್ತಲೇ ಇರುತ್ತದೆ. ಜೋರು ಮೆಷಿನ್‌ಗೆ ಹತ್ತು ದಿನ ಬಂದರೆ ಪುಣ್ಯ. ಎರಡು ಕಿವಿಗೆ ತಿಂಗಳಿಗೆ ಆರು ಸೆಲ್, ಅಂದರೆ ಒಂದು ಪಟ್ಟಿ, ಹತ್ತಿರ ಹತ್ತಿರ 200 ರೂಪಾಯಿ. ಕೂಲಿ ಮಾಡುವ ಮನೆಯಲ್ಲಿ ತಿಂಗಳ ಕೊನೆಗೆ ಇದಕ್ಕೇ ಕತ್ತರಿ ಬೀಳುವುದು. ಮೆಷಿನ್ ಡಬ್ಬಿಯೊಳಗೆ, ಮಗು ಮತ್ತೆ ಮೌನಕ್ಕೆ.

ಇನ್ನೊಂದು ಇಯರ್ ಮೋಲ್ಡ್, ಕಿವಿಯೊಳಗೆ ಕೂರುವ ಅಚ್ಚು. ಮಗು ಬೆಳೆದ ಹಾಗೆ ಕಿವಿಯೂ ಬೆಳೆಯುತ್ತದೆ, ಅಚ್ಚು ಸಡಿಲವಾಗಿ ಮೆಷಿನ್ ಕುಯ್ಯ್ ಅಂತ ಶಿಳ್ಳೆ ಹೊಡೆಯುತ್ತದೆ, ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ ಅಂತ ಅಮ್ಮ ಅದನ್ನು ತೆಗೆದು ಬ್ಯಾಗಿಗೆ ಹಾಕುತ್ತಾಳೆ. ಪುಟ್ಟ ಮಕ್ಕಳಿಗೆ ಕೆಲವು ತಿಂಗಳಿಗೊಮ್ಮೆ ಹೊಸ ಅಚ್ಚು ಬೇಕು. (ಶಕ್ತಿ ಯೋಜನೆ ಬಂದ ಮೇಲೆ ನಂಜನಗೂಡು, ಎಚ್.ಡಿ. ಕೋಟೆ ಕಡೆಯಿಂದ ಬರುವ ಅಮ್ಮಂದಿರ ಬಸ್ ಚಾರ್ಜ್ ಉಳಿದಿದೆ, ಮೊದಲು ಅದನ್ನೂ ಅಜ್ಜಿಯೇ ಪೆನ್ಷನ್‌ನಿಂದ ಕೊಡುತ್ತಿದ್ದರು, ಇದು ನಮಗೆ ಗೊತ್ತಾಗಿದ್ದು ಪಾಸ್‌ಬುಕ್ ನೋಡಿದಾಗ.)

ನಮ್ಮಲ್ಲಿ ಈಗ 31 ಮಕ್ಕಳು ಮೆಷಿನ್ ಹಾಕುತ್ತಾರೆ. ವರ್ಷಕ್ಕೆ 372 ಪಟ್ಟಿ ಸೆಲ್, ಅಂದರೆ 74,400 ರೂಪಾಯಿ. ಮೋಲ್ಡ್, ಸಣ್ಣಪುಟ್ಟ ರಿಪೇರಿ ಸೇರಿ ಒಂದೂಕಾಲು ಲಕ್ಷ ಬೇಕು. ಇಷ್ಟೇ. ಕಮಾನಿನ ಖರ್ಚು ಇದಕ್ಕಿಂತ ಜಾಸ್ತಿ ಅಲ್ವಾ?

ಇನ್ನೊಂದು ಮಾತು, ಸ್ವಲ್ಪ ನಿಷ್ಠುರ. ಹುಟ್ಟುಹಬ್ಬಕ್ಕೆ ಊಟ ಹಾಕಿಸುತ್ತೇವೆ, ಮಕ್ಕಳ ಜೊತೆ ಫೋಟೋ ತೆಗೆಸಿಕೊಳ್ಳುತ್ತೇವೆ ಅಂತ ತುಂಬಾ ಜನ ಬರುತ್ತಾರೆ. ಜೂನ್‌ನಲ್ಲಿ ಒಂದೇ ವಾರ ಮೂರು ಕೇಕ್ ಬಂದಿತ್ತು, ಸ್ಟೋರಿನಲ್ಲಿ ಸೆಲ್ ಮಾತ್ರ ಒಂದೂ ಇರಲಿಲ್ಲ. ಅಜ್ಜಿ ಇದ್ದಿದ್ದರೆ ಕೇಕ್ ತಂದವರನ್ನೇ ಸೆಲ್ ತರೋಕೆ ಅಂಗಡಿಗೆ ಓಡಿಸುತ್ತಿದ್ದರು. ನನಗೆ ಅಷ್ಟು ಧೈರ್ಯ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದುಡ್ಡು ಕಳಿಸುವವರು ಶಾಲೆಯ ಆಫೀಸಿನಲ್ಲಿ ಕೇಳಿ, ಟ್ರಸ್ಟಿನ ಖಾತೆಯ ವಿವರ ಕೊಡುತ್ತಾರೆ. ನನ್ನ ಹೆಸರಿಗೆ ಕಳಿಸಬೇಡಿ. 80ಜಿ ರಸೀದಿ ಸಿಗುತ್ತದೆ, ಆದರೆ ನಗದು 2,000 ದಾಟಿದರೆ ತೆರಿಗೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೂ ಇಲ್ಲ, ಆಮೇಲೆ ನನ್ನನ್ನು ಬೈಯಬೇಡಿ. ಸೆಲ್ಲನ್ನೇ ಕೊಂಡು ಕೊಡುವವರು ನಂಬರ್ 675, ನೀಲಿ ಸ್ಟಿಕ್ಕರ್ ನೋಡಿ ತನ್ನಿ, ಎಕ್ಸ್‌ಪೈರಿ ದಿನಾಂಕವನ್ನೂ ನೋಡಿ. ವಾಚಿನ ಸೆಲ್ ಆಗುವುದಿಲ್ಲ. ಕೊಟ್ಟ ಸೆಲ್ ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಅಜ್ಜಿಯ ಹಳೇ ಪದ್ಧತಿಯೇ ಇದೆ: ಖಾಲಿ ಸೆಲ್ ತಂದು ಹಾರ್ಲಿಕ್ಸ್ ಬಾಟಲಿಗೆ ಹಾಕಿದರೆ ಮಾತ್ರ ಹೊಸದು. ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಂಡುಬಿಟ್ಟರೆ ಅಪಾಯ, ಅದಕ್ಕೇ ಒಂದೊಂದಕ್ಕೂ ಲೆಕ್ಕ.

ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ಯಾರು ಬೇಕಾದರೂ ಬಂದು ನೋಡಬಹುದು. ಬೀಸಣಿಗೆ ಅದೇ ಇದೆ, ಅಂಚಿಗೆ ಹೊಸ ಬಟ್ಟೆ ಹೊಲಿದಿದ್ದೇವೆ. ಐವತ್ತು ದಾಟಿದವರು ಬಂದರೆ ಮಕ್ಕಳು ನಿಮ್ಮ ಕಿವಿಯನ್ನೂ ಟೆಸ್ಟ್ ಮಾಡುತ್ತಾರೆ, ಹುಣಸೆಬೀಜ ನಾವೇ ಕೊಡುತ್ತೇವೆ.