ಭಾನುವಾರದ ಚರ್ಚೆ: ಚಿಲಿಯ ಶಾಲೆಗಳಲ್ಲಿ ಪೌರನೀತಿ

ಸಮಾಜ ವಿಜ್ಞಾನ ಶಿಕ್ಷಕ ಮಿತ್ರರೆಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಆರಕ್ಕೆ ಸೇರೋಣ. ಬರುವ ಮುನ್ನ ಇಷ್ಟು ಓದಿಕೊಂಡಿರಿ.

1980ರ ದಶಕದ ಆರಂಭದಲ್ಲಿ ಸೇನಾ ಸರ್ವಾಧಿಕಾರಿ ಪಿನೋಚೆಯ ಆಡಳಿತವು ಚಿಲಿಯ ಸರ್ಕಾರಿ ಶಾಲೆಗಳನ್ನು ಪುರಸಭೆಗಳಿಗೆ ವಹಿಸಿ, ಮಕ್ಕಳ ಹಾಜರಾತಿಗೆ ತಕ್ಕಂತೆ ಅನುದಾನ ಕೊಡತೊಡಗಿತು. ಅನುದಾನಿತ ಖಾಸಗಿ ಶಾಲೆಗಳಿಗೂ ಅದೇ ಲೆಕ್ಕ. ಮಕ್ಕಳನ್ನು ಸೆಳೆಯುವ ಪೈಪೋಟಿ ಶುರುವಾಯಿತು. ಮಕ್ಕಳ ಕಲಿಕೆ ಅಳೆಯಲು 1988ರಲ್ಲಿ ಬಂದ ರಾಷ್ಟ್ರಮಟ್ಟದ ‘ಸಿಮ್ಸೆ’ ಪರೀಕ್ಷೆಯ ಫಲಿತಾಂಶ ಶಾಲಾವಾರು ಪ್ರಕಟವಾಗತೊಡಗಿದ ಮೇಲೆ ಗಣಿತ, ಭಾಷೆಯ ಅಂಕಗಳೇ ಶಾಲೆಯ ಮರ್ಯಾದೆಯಾದವು. ಪೌರನೀತಿಯನ್ನು ಕೇಳುವವರು ಯಾರು? ತೊಂಬತ್ತರ ದಶಕದ ಪಠ್ಯಕ್ರಮ ಸುಧಾರಣೆಯಲ್ಲಿ ಅದು ಪ್ರತ್ಯೇಕ ವಿಷಯವಾಗಿಯೂ ಉಳಿಯಲಿಲ್ಲ.

ಆದರೆ 2006ರಲ್ಲಿ ಅದೇ ಪ್ರೌಢಶಾಲೆಗಳ ಮಕ್ಕಳು ಈ ವ್ಯವಸ್ಥೆಯ ವಿರುದ್ಧ ಬೀದಿಗಿಳಿದರು. ಕಡುನೀಲಿ-ಬಿಳುಪು ಸಮವಸ್ತ್ರದಿಂದಾಗಿ ಅವರಿಗೆ ‘ಪೆಂಗ್ವಿನ್‌’ಗಳೆಂದು ಹೆಸರು. ಸಭೆ ಸೇರಿ, ವಕ್ತಾರರನ್ನು ಆರಿಸಿ, ಸರ್ಕಾರದೊಂದಿಗೆ ಮಾತುಕತೆಗೆ ಕುಳಿತರು. ಪಠ್ಯಪುಸ್ತಕ ಇದನ್ನೆಲ್ಲ ಕಲಿಸಿರಲಿಲ್ಲ ಎಂಬುದೇ ನನಗೆ ಕುತೂಹಲ. ಮುಂದೆ 2015ರ ಕಾನೂನು ಅನುದಾನಿತ ಶಾಲೆಗಳಲ್ಲಿ ಲಾಭಕೋರತನಕ್ಕೂ ಮಕ್ಕಳನ್ನು ಆರಿಸಿ ಸೇರಿಸಿಕೊಳ್ಳುವುದಕ್ಕೂ ಕಡಿವಾಣ ಹಾಕಿತು. 2016ರದ್ದು ಪ್ರತಿ ಶಾಲೆಗೂ ಪೌರ ಶಿಕ್ಷಣ ಯೋಜನೆಯನ್ನು ಕಡ್ಡಾಯ ಮಾಡಿತು.

ನನ್ನ ತಕರಾರು ಇಷ್ಟೇ: ಒಂದೊಂದು ಆದಾಯದವರ ಮಕ್ಕಳು ಒಂದೊಂದು ಶಾಲೆಯಲ್ಲೇ ಪ್ರತ್ಯೇಕವಾಗಿ ಓದುತ್ತಿದ್ದರೆ, ಕಾಗದದ ಯೋಜನೆಯಿಂದ ಸಹಬಾಳ್ವೆ ಬರುತ್ತದೆಯೇ? ಒಪ್ಪದವರು ಖಂಡಿತ ಬನ್ನಿ. ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಬಡ, ಹಿಂದುಳಿದ ಮಕ್ಕಳಿಗೆಂದಿರುವ ಶೇ 25ರ ಸೀಟುಗಳಲ್ಲಿ ಬಂದ ಮಕ್ಕಳಿಗೆ ಪಾಠ ಮಾಡಿದವರು ತಮ್ಮ ಅನುಭವವನ್ನು ಮೊದಲು ಹೇಳಲಿ.

ಅಲ್ಲಿಯವರೆಗೆ ಶುಭೋದಯದ ಚಿತ್ರಗಳನ್ನು ದಯವಿಟ್ಟು ಈ ಗುಂಪಿಗೆ ಕಳುಹಿಸಬೇಡಿ. ಬರುವವರು ಶನಿವಾರ ರಾತ್ರಿಯೊಳಗೆ ಹೆಸರು ತಿಳಿಸಿ.