ಮಗಳಿಗೊಂದು ಪತ್ರ: ಮೆತ್ತಗೆ ಮಾತಾಡುವ ಕ್ವಾರ್ಟರ್‌ಬ್ಯಾಕ್‌ಗೆ

ಮುದ್ದು ಸಿರಿಗೆ,

ಅಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ಮೈಸೂರಿನಲ್ಲಿ ಅಜ್ಜಿ ಚೇತರಿಸಿಕೊಳ್ಳುತ್ತಿದ್ದಾರೆ. ವಾಕರ್ ಹಿಡಿದು ಹಜಾರದಿಂದ ಅಡುಗೆಮನೆವರೆಗೆ ಬಂದು, ನಾನು ಸಾರಿಗೆ ಒಗ್ಗರಣೆ ಸರಿಯಾಗಿ ಹಾಕಿದೆನಾ ಅಂತ ನೋಡಿ, ವಾಪಸ್ ಹೋಗಿ ಕೂರುತ್ತಾರೆ. ಇನ್ನೂ ಸ್ವಲ್ಪ ದಿನ ನಾನು ಇಲ್ಲೇ ಇರಬೇಕಾಗುತ್ತದೆ. ನೀನು ಫೋನಿಗೆ ಸಿಗುವ ಹೊತ್ತಿಗೆ ನಿನಗೆ ಅಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಕೂಲಿನ ಅವಸರ, ನನಗೆ ಇಲ್ಲಿ ರಾತ್ರಿ. ನಾನು ಹೇಳಬೇಕಾದದ್ದು ಆ ಐದು ನಿಮಿಷದಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಈ ಪತ್ರ. ಓದುವಾಗ ಎಲ್ಲಾದರೂ ತೊಡಕಾದರೆ ಅಪ್ಪನ ಪಕ್ಕ ಕೂತು ಓದಿಸಿಕೋ.

ಸ್ಕೂಲಿನ ಫ್ಲ್ಯಾಗ್ ಫುಟ್‌ಬಾಲ್ ಟೀಮಿಗೆ ಕ್ವಾರ್ಟರ್‌ಬ್ಯಾಕ್ ನೀನೇ ಅಂತ ಗೊತ್ತಾದ ದಿನ ಫೋನಿನಲ್ಲಿ ನಿನ್ನ ಕೂಗಾಟ ಕೇಳಿ ನಾನೂ ಕುಣಿದಿದ್ದೆ. ಮೊನ್ನೆ ನಿನ್ನ ದನಿ ಇಳಿದಿತ್ತು. 'ಇವಳು ತುಂಬಾ ಮೆತ್ತಗೆ, ಲೀಡರ್ ತರ ಕಾಣಲ್ಲ' ಅಂತ ಯಾರೋ ಅಂದರಂತೆ. ಈಗ ಬಾಗಿಲು ಹಾಕಿಕೊಂಡು ಕನ್ನಡಿ ಮುಂದೆ ಜೋರು ಮಾಡೋದನ್ನು ಅಭ್ಯಾಸ ಮಾಡುತ್ತಿದ್ದೀಯಂತೆ. ಸಿಗ್ನಲ್ ಕೂಗುವುದನ್ನು ಎಷ್ಟು ಬೇಕಾದರೂ ಅಭ್ಯಾಸ ಮಾಡು, ಅದು ಕೊನೆಯಲ್ಲಿ ನಿಂತವಳಿಗೂ ಕೇಳಲೇಬೇಕು. ಆದರೆ ಇನ್ಯಾರದೋ ಸ್ವಭಾವವನ್ನು ಮೈಮೇಲೆ ಹಾಕಿಕೊಂಡು ಮೈದಾನಕ್ಕೆ ಹೋಗಬೇಡ ಮಗಳೇ.

ಅಜ್ಜಿಗೂ ಹೇಳಿದೆ. "ಏನೇ ಅದು ಕ್ವಾರ್ಟರ್‌ಬ್ಯಾಕು?" ಅಂದರು. ದೊಡ್ಡವರ ಅಮೆರಿಕನ್ ಫುಟ್‌ಬಾಲಿನಲ್ಲಿ ಒಂದು ಕಡೆಗೆ ಹನ್ನೊಂದು ಜನ, ಇವರ ಫ್ಲ್ಯಾಗ್ ಫುಟ್‌ಬಾಲಿನಲ್ಲಿ ಏಳು. ಕೆಡವೋದು ಗುದ್ದೋದು ಇಲ್ಲ, ಸೊಂಟಕ್ಕೆ ಕಟ್ಟಿದ ಪಟ್ಟಿ ಕಿತ್ತುಕೊಂಡರೆ ಆಯಿತು. ಚೆಂಡು ಪ್ರತಿ ಸಲವೂ ಮೊದಲು ಇವಳ ಕೈಗೇ ಬರೋದು, ಯಾರಿಗೆ ಕೊಡಬೇಕು, ಎಲ್ಲಿಗೆ ಎಸೀಬೇಕು ಅಂತ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನ ಆಗಬೇಕು ಅಂತ ವಿವರಿಸಿದೆ. ಕ್ರಿಕೆಟ್ ಕ್ಯಾಪ್ಟನ್‌ಗಾದರೆ ಓವರಿನ ಮಧ್ಯೆ ಬೌಲರ್ ಹೆಗಲ ಮೇಲೆ ಕೈ ಹಾಕಿ ಮಾತಾಡುವಷ್ಟು ಪುರುಸೊತ್ತಿರುತ್ತದೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಒಂದು ಪ್ಲೇ, ಅಂದರೆ ಚೆಂಡಿನ ಒಂದು ಸರದಿ, ಮುಗಿದು ಇನ್ನೊಂದು ಶುರುವಾಗಲು 40 ಸೆಕೆಂಡು, ಅಷ್ಟೇ. ಹೆಲ್ಮೆಟ್ಟಿನೊಳಗೆ ಕೋಚ್ ಮಾತು ಕೇಳಿಸುತ್ತದೆ, ಗಡಿಯಾರ 15ಕ್ಕೆ ಬಂದಾಗ ಅದೂ ಬಂದ್. ಅಲ್ಲಿಂದ ಮುಂದೆ ಎಲ್ಲ ಕ್ವಾರ್ಟರ್‌ಬ್ಯಾಕ್‌ನ ಜವಾಬ್ದಾರಿ. ಅಜ್ಜಿ ಸುಮ್ಮನೆ ಕೇಳಿಸಿಕೊಂಡು, "ಹಂಗಾದ್ರೆ ಸೋತ್ರೆ ಎಲ್ರೂ ಇವಳನ್ನೇ ಅಂತಾರೆ ಅನ್ನು" ಅಂದರು. ಒಂದು ಮ್ಯಾಚೂ ನೋಡದೆ ಅವರಿಗೆ ಅರ್ಧ ಆಟ ಅರ್ಥವಾಗಿತ್ತು.

ಈಗ ಮೆತ್ತಗಿರುವ ವಿಷಯಕ್ಕೆ ಬರುತ್ತೇನೆ. ನ್ಯೂಯಾರ್ಕ್ ಜೈಂಟ್ಸ್‌ನ ಕ್ವಾರ್ಟರ್‌ಬ್ಯಾಕ್ ಎಲಿ ಮ್ಯಾನಿಂಗ್ ಆಡುತ್ತಿದ್ದ ಕಾಲದಲ್ಲಿ ಅವನ ಮುಖ ನೋಡಿ ಟೀಮು ಗೆದ್ದಿದೆಯೋ ಸೋತಿದೆಯೋ ಹೇಳಲು ಆಗುತ್ತಿರಲಿಲ್ಲ. ಟೀಮುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2004ರ ಡ್ರಾಫ್ಟಿನಲ್ಲಿ ಮೊದಲನೆಯವನಾಗಿ ಆಯ್ಕೆಯಾದವನು, ಅಣ್ಣ ಪೇಟನ್ ಆಗಲೇ ದೊಡ್ಡ ಹೆಸರು. ತಮ್ಮನಿಗೆ ಆ ಖದರಿಲ್ಲ, ಜೋಲುಮುಖ ಹಾಕಿಕೊಂಡಿರುತ್ತಾನೆ ಅಂತ ಊರೆಲ್ಲ ಮಾತು. ಅವನ ಜೊತೆಯಲ್ಲೇ ಆಡಿ ಆಗಷ್ಟೇ ನಿವೃತ್ತನಾಗಿದ್ದ ಟಿಕಿ ಬಾರ್ಬರ್ 2007ರ ಆಗಸ್ಟಿನಲ್ಲಿ ಟಿವಿಯಲ್ಲಿ ಕೂತು, ಎಲಿ ಟೀಮಿನ ಮುಂದೆ ನಿಂತು ಮಾತಾಡಲು ಹೋದರೆ ನಗು ಬರುವಂತಿರುತ್ತಿತ್ತು ಅನ್ನೋ ಅರ್ಥದಲ್ಲಿ ಮಾತಾಡಿಬಿಟ್ಟ. ಎಲಿ ಬದಲಾಗಲಿಲ್ಲ. ಮಾರನೆಯ ದಿನದಿಂದ ಎದೆ ಬಡಿದುಕೊಂಡು ಕೂಗಲು ಶುರುಮಾಡಲಿಲ್ಲ.

ಆರು ತಿಂಗಳಾಯಿತು. 2008ರ ಫೆಬ್ರವರಿ 3, ಅರಿಜೋನಾದ ಗ್ಲೆಂಡೇಲ್, ಲೀಗಿನ ಫೈನಲ್ ಆದ ಸೂಪರ್ ಬೌಲ್. ಎದುರಿಗೆ ಆ ಸೀಸನ್ನಿನಲ್ಲಿ ಆಡಿದ 18 ಮ್ಯಾಚುಗಳಲ್ಲಿ ಒಂದನ್ನೂ ಸೋಲದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಮೂರು ನಿಮಿಷಕ್ಕಿಂತ ಕಡಿಮೆ ಉಳಿದಾಗ ಜೈಂಟ್ಸ್ 14-10ರಿಂದ ಹಿಂದೆ, ಎದುರಾಳಿಯ ಕೊನೆಯ ಗೆರೆಗೆ ಹೋಗಬೇಕಾದದ್ದು 83 ಯಾರ್ಡ್. ನಡುವೆ ಒಂದು ಪ್ಲೇನಲ್ಲಿ ಎದುರಾಳಿಗಳು ಎಲಿಯ ಜೆರ್ಸಿಯನ್ನೇ ಹಿಡಿದು ಎಳೆದರು, ನೋಡುತ್ತಿದ್ದವರಿಗೆಲ್ಲ ಅವನ ಕಥೆ ಮುಗಿಯಿತು ಅನಿಸಿತು. ಹೇಗೋ ಬಿಡಿಸಿಕೊಂಡು ಹಿಂದಕ್ಕೆ ಓಡಿ, ಮೈದಾನದ ನಡುವಿಗೆ ಎತ್ತರಕ್ಕೆ ಎಸೆದ. ಡೇವಿಡ್ ಟೈರಿ ಎಗರಿ ಹಿಡಿದು, ಒಂದು ಕೈಯಿಂದ ಚೆಂಡನ್ನು ತನ್ನ ಹೆಲ್ಮೆಟ್ಟಿಗೆ ಒತ್ತಿಕೊಂಡೇ ನೆಲಕ್ಕೆ ಬಿದ್ದ. 32 ಯಾರ್ಡ್. ಟೈರಿಯ ಆ ಕ್ಯಾಚನ್ನು ನೀನೂ ನೂರು ಸಲ ನೋಡಿದ್ದೀಯ. ಇನ್ನೊಮ್ಮೆ ನೋಡುವಾಗ ಕ್ಯಾಚ್ ಬಿಟ್ಟು ಅದರ ಮುಂದಿನ ಕ್ಷಣದ ಎಲಿಯನ್ನು ನೋಡು. ಕ್ರೀಡಾಂಗಣವೇ ಎದ್ದು ನಿಂತಿರುವಾಗ ಅವನ ಗಮನವೆಲ್ಲ ಮುಂದಿನ ಪ್ಲೇ ಮೇಲೆಯೇ ಇದೆ. 35 ಸೆಕೆಂಡು ಉಳಿದಿರುವಾಗ ಪ್ಲ್ಯಾಕ್ಸಿಕೋ ಬರೆಸ್‌ಗೆ ಆ ಕೊನೆಯ ಗೆರೆಯಾಚೆ ಚೆಂಡು ಎಸೆದು ಟಚ್‌ಡೌನ್, 17-14. ನಾಲ್ಕು ವರ್ಷದ ಮೇಲೆ ಅದೇ ಪೇಟ್ರಿಯಟ್ಸ್‌ನ್ನು ಮತ್ತೊಂದು ಸೂಪರ್ ಬೌಲಿನಲ್ಲಿ ಸೋಲಿಸಿದಾಗಲೂ ಅದೇ ಮುಖ.

ಹಾಗಂತ ಮೌನವಾಗಿರುವುದೇ ದೊಡ್ಡ ಗುಣ ಅಂತ ನಾನು ಹೇಳುತ್ತಿಲ್ಲ. ಆ ಎರಡೂ ದಿನ ಸೋತವನು ಪೇಟ್ರಿಯಟ್ಸ್‌ನ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ. ಅವನು ಬೆಂಚಿನ ಹತ್ತಿರ ಕೆಂಡಕಾರುವವನು, ತನ್ನವರ ಮೇಲೇ ಕಿರುಚುವವನು, ಮತ್ತು ಏಳು ಸೂಪರ್ ಬೌಲ್ ಗೆದ್ದವನು. 2000ದ ಡ್ರಾಫ್ಟಿನಲ್ಲಿ 199ನೆಯವನಾಗಿ ಬಂದವನಿಗೆ ಆ ಕಿಚ್ಚು ಹುಟ್ಟಿನಿಂದಲೇ ಇತ್ತೋ, ಆ ಸಂಖ್ಯೆ ಹಚ್ಚಿತೋ. 2017ರಲ್ಲಿ 28-3ರಿಂದ ಹಿಂದೆ ಬಿದ್ದು 34-28ರಲ್ಲಿ ಗೆದ್ದ ಮ್ಯಾಚಿನಲ್ಲಿ ಟೀಮನ್ನು ಎಳೆದು ತಂದದ್ದು ಆ ಕಿಚ್ಚೇ. ಅವನನ್ನು ಎಲಿಯ ಹಾಗೆ ಇರು ಅಂದಿದ್ದರೆ ಉಸಿರುಕಟ್ಟುತ್ತಿತ್ತು.

ನಮ್ಮ ಊರಿನ ಟೀಮಿನವನ ಕಥೆ ಹೇಳದಿದ್ದರೆ ಅಪ್ಪ ಬೇಜಾರು ಮಾಡಿಕೊಳ್ಳುತ್ತಾರೆ. ನನ್ನ ಆಫೀಸಿನ ಹಳಬರು ಇವತ್ತಿಗೂ ಊಟದ ಟೇಬಲ್ಲಿನಲ್ಲಿ ಹೇಳುವ ಕಥೆ ಇದು. 1989ರ ಜನವರಿ 22, ಮಯಾಮಿ. ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಸಿನ್ಸಿನಾಟಿಗಿಂತ 16-13ರಿಂದ ಹಿಂದಿದೆ, ಉಳಿದಿರುವುದು ಮೂರು ನಿಮಿಷದ ಆಸುಪಾಸು, ಚೆಂಡು ತಮ್ಮದೇ 8 ಯಾರ್ಡ್ ಗೆರೆಯ ಮೇಲೆ, ಅಂದರೆ ಮುಂದೆ 92 ಯಾರ್ಡ್. ಮುಂದಿನ ಪ್ಲೇ ಮಾತಾಡಿಕೊಳ್ಳಲು ಟೀಮು ಸುತ್ತುಗಟ್ಟಿ ನಿಲ್ಲುವ ಹಡಲ್ ಸೇರಿದೆ. ಹ್ಯಾರಿಸ್ ಬಾರ್ಟನ್ ಅನ್ನೋ ಲೈನ್‌ಮನ್ ಚಡಪಡಿಸುತ್ತಿದ್ದಾನೆ. ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಗ್ಯಾಲರಿ ಕಡೆ ತಲೆಯೆತ್ತಿ, ಅಲ್ಲಿ ನಿಂತಿರೋದು ಹಾಸ್ಯನಟ ಜಾನ್ ಕ್ಯಾಂಡಿ ಅಲ್ವಾ ಅಂತ ಅವನನ್ನು ಕೇಳಿದ. ಲಕ್ಷಾಂತರ ಮನೆಗಳಲ್ಲಿ ಜನ ಉಸಿರು ಬಿಗಿಹಿಡಿದು ಕೂತಿರುವಾಗ ಇವನಿಗೆ ಗ್ಯಾಲರಿಯಲ್ಲಿ ಯಾರು ಬಂದಿದ್ದಾರೆ ಅನ್ನೋ ಕುತೂಹಲ! ಸುತ್ತ ನಿಂತವರ ಹೆಗಲು ಸಡಿಲವಾಯಿತು. ಹನ್ನೊಂದು ಪ್ಲೇಗಳಲ್ಲಿ ಆ 92 ಯಾರ್ಡ್ ದಾಟಿ, 34 ಸೆಕೆಂಡು ಉಳಿದಿರುವಾಗ ಜಾನ್ ಟೇಲರ್‌ಗೆ ಟಚ್‌ಡೌನ್ ಎಸೆದ.

ಈ ಕಥೆಯ ಇನ್ನೊಂದು ತುಂಡನ್ನು ಜನ ಹೇಳುವುದು ಕಡಿಮೆ. ಅದೇ ಓಟದ ನಡುವೆ ಗದ್ದಲದಲ್ಲಿ ಕೂಗಿ ಕೂಗಿ ಮೊಂಟಾನಾಗೆ ಉಸಿರು ಸಿಕ್ಕದೆ ತಲೆ ಸುತ್ತಿತು. ಒಂದು ಪ್ಲೇನಲ್ಲಿ ಬೇಕೆಂದೇ ಚೆಂಡನ್ನು ಮೈದಾನದ ಪಕ್ಕದ ಗೆರೆಯಾಚೆ ಎಸೆದು ಸುಧಾರಿಸಿಕೊಂಡ. ಶಾಂತಮೂರ್ತಿ ಅಂತ ಹೆಸರಾದವನ ಎದೆಯೂ ಹೊಡೆದುಕೊಳ್ಳುತ್ತಿತ್ತು ಸಿರಿ. ನಿನಗೆ ಕೈ ನಡುಗಿದರೆ ನೀನು ಆ ಜಾಗಕ್ಕೆ ಲಾಯಕ್ಕಿಲ್ಲ ಅಂತ ಅಂದುಕೊಳ್ಳಬೇಡ. ಅವನು ಆ ಹೊತ್ತಿನಲ್ಲಿ ತನ್ನ ದಿಗಿಲನ್ನು ಉಳಿದ ಹತ್ತು ಜನರಿಗೆ ಹಂಚಲಿಲ್ಲ, ಒಂದು ಚೆಂಡು ವ್ಯರ್ಥವಾದರೂ ಸರಿ ಅಂತ ತನಗೆ ಬೇಕಾದ ಉಸಿರನ್ನು ತೆಗೆದುಕೊಂಡ.

ಎಲಿ, ಬ್ರೇಡಿ, ಮೊಂಟಾನಾ, ಮೂವರನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಮನೆಯವರು ಅನ್ನಿಸುವುದಿಲ್ಲ. ಆದರೆ ಹಡಲ್‌ಗೆ ಇವತ್ತು ಯಾವ ಎಲಿ ಬರುತ್ತಾನೋ, ಯಾವ ಬ್ರೇಡಿ ಬರುತ್ತಾನೋ ಅನ್ನೋ ಅನುಮಾನ ಅವರ ಟೀಮಿನವರಿಗೆ ಇರಲಿಲ್ಲ. ನಾನು ಇಷ್ಟು ವರ್ಷ ಭಾನುವಾರದ ಆಟ ನೋಡಿ ಕಂಡುಕೊಂಡದ್ದು ಇದು: ನಾಯಕನ ಸ್ವಭಾವ ಇಂಥದ್ದೇ ಆಗಿರಬೇಕಿಲ್ಲ, ಗೆಲ್ಲುವಾಗಲೂ ಸೋಲುವಾಗಲೂ ಅದು ಒಂದೇ ಆಗಿರಬೇಕು. ನೀನು ಸೋಮವಾರ ಸಿರಿಯಾಗಿ, ಗುರುವಾರ ಇನ್ಯಾರೋ ಆಗಿ ಬಂದರೆ ನಿನ್ನ ಆರು ಜನ ಹುಡುಗಿಯರು ಚೆಂಡು ನೋಡುವ ಬದಲು ನಿನ್ನ ಮುಖ ನೋಡುತ್ತಾ ನಿಲ್ಲುತ್ತಾರೆ.

'ಲೀಡರ್ ತರ ಕಾಣಲ್ಲ' ಅನ್ನೋ ಮಾತು ನನ್ನನ್ನು ಬೇರೆ ಕಾರಣಕ್ಕೂ ಚುಚ್ಚಿತು. ಆ ಮಾತಿಗೆ ಅಮೆರಿಕದಲ್ಲಿ ಒಂದು ಕೆಟ್ಟ ಚರಿತ್ರೆಯಿದೆ. ದಶಕಗಟ್ಟಲೆ ಕಪ್ಪು ಹುಡುಗರನ್ನು ಓಡಲು ಬಳಸಿಕೊಂಡರು, ಕ್ವಾರ್ಟರ್‌ಬ್ಯಾಕ್ ಜಾಗ ಮಾತ್ರ ಕೊಡುತ್ತಿರಲಿಲ್ಲ. ಅದಕ್ಕೆ ತಲೆ ಬೇಕು, ನಾಯಕತ್ವ ಬೇಕು ಅನ್ನೋರು. ವಾರೆನ್ ಮೂನ್ 1978ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಟೀಮಿಗೆ ಕಾಲೇಜುಗಳ ದೊಡ್ಡ ಪಂದ್ಯ ರೋಸ್ ಬೌಲ್ ಗೆಲ್ಲಿಸಿಕೊಟ್ಟ ಕ್ವಾರ್ಟರ್‌ಬ್ಯಾಕ್. ಆ ವರ್ಷದ ಡ್ರಾಫ್ಟಿನಲ್ಲಿ ಅವನನ್ನು ಒಂದು ಟೀಮೂ ತೆಗೆದುಕೊಳ್ಳಲಿಲ್ಲ. ಕೆನಡಾದ ಎಡ್ಮಂಟನ್‌ಗೆ ಹೋಗಿ ಅಲ್ಲಿನ ಲೀಗಿನ ಗ್ರೇ ಕಪ್ಪನ್ನು ಸಾಲಾಗಿ ಐದು ಸಲ ಗೆದ್ದಮೇಲೆ, 1984ರಲ್ಲಿ, ಹ್ಯೂಸ್ಟನ್ ಕರೆಯಿತು. 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದ. 1988ರ ಜನವರಿಯಲ್ಲಿ ವಾಷಿಂಗ್ಟನ್ ಟೀಮಿನ ಡಗ್ ವಿಲಿಯಮ್ಸ್ ಸೂಪರ್ ಬೌಲಿನಲ್ಲಿ ಮೊದಲಿಂದ ಇಳಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್. ಹಿಂದಿನ ದಿನ ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು. ಟೀಮು 10-0ರಿಂದ ಹಿಂದೆ ಬಿತ್ತು, ಮೊದಲ ಕ್ವಾರ್ಟರ್ ಮುಗಿಯುವ ಮುಂಚೆ ಮಂಡಿ ತಿರುಚಿ ಹೊರಗೆ ಹೋದ. ಎರಡನೇ ಕ್ವಾರ್ಟರಿಗೆ ವಾಪಸ್ ಬಂದು ಅದೊಂದರಲ್ಲೇ ನಾಲ್ಕು ಟಚ್‌ಡೌನ್ ಎಸೆದ. 42-10. ನಾಯಕ ಹೇಗೆ ಕಾಣಬೇಕು ಅಂತ ನಿರ್ಧರಿಸಿಕೊಂಡು ಕೂತಿದ್ದವರಿಂದ ಆಟಕ್ಕೆ ಎಷ್ಟು ನಷ್ಟವಾಯಿತು ಅಂತ ನೆನೆಸಿಕೊಂಡರೆ ನನಗೆ ಸಿಟ್ಟು ಬರುತ್ತದೆ. ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳಲ್ಲಿ ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲಿಗೆ ಅಧಿಕೃತ ಜಾಗ ಸಿಕ್ಕಿದ್ದೇ 2023ರಲ್ಲಿ. ನಿಮ್ಮ ಆಟದಲ್ಲಿ ನಾಯಕಿ ಹೇಗಿರಬೇಕು ಅಂತ ಯಾರೂ ಇನ್ನೂ ಅಚ್ಚು ಹೊಯ್ದಿಲ್ಲ. ಹೊಯ್ಯಲು ನೀವೂ ಬಿಡಬೇಡಿ.

ಅಜ್ಜಿಯ ಮಾತಿಗೂ ಉತ್ತರ ಕೊಡಬೇಕಲ್ಲ. ಹೌದು, ಸೋತರೆ ನಿನ್ನನ್ನೇ ಅಂತಾರೆ, ಗೆದ್ದರೆ ನಿನ್ನನ್ನೇ ಹೊಗಳುತ್ತಾರೆ, ಎರಡೂ ಪೂರ್ತಿ ನಿಜವಲ್ಲ. 1984ರ ಸೀಸನ್ನಿನಲ್ಲಿ 5,084 ಯಾರ್ಡ್, 48 ಟಚ್‌ಡೌನ್ ಎಸೆದ ಡ್ಯಾನ್ ಮರೀನೋ ನಮ್ಮ ಸ್ಟ್ಯಾನ್‌ಫರ್ಡ್ ಮೈದಾನದಲ್ಲೇ ನಡೆದ ಸೂಪರ್ ಬೌಲ್ ಸೋತ, ಆಮೇಲೆ ಇನ್ನೊಂದು ಸೂಪರ್ ಬೌಲಿಗೆ ಅವನು ಹೋಗಲೇ ಇಲ್ಲ. ಟ್ರೆಂಟ್ ಡಿಲ್ಫರ್ ಸಾಧಾರಣ ಆಟಗಾರ, ಬಾಲ್ಟಿಮೋರ್‌ನ ಡಿಫೆನ್ಸ್ ಬಂಡೆಯ ಹಾಗಿತ್ತು, 2001ರಲ್ಲಿ ಗೆದ್ದ. ಕ್ವಾರ್ಟರ್‌ಬ್ಯಾಕ್ ಒಬ್ಬನೇ ಟೀಮನ್ನು ಗೆಲ್ಲಿಸುತ್ತಾನೆ ಅನ್ನೋದನ್ನು ಟಿವಿಯವರು ಹೇಳಿಕೊಳ್ಳಲಿ, ನೀನು ನಂಬಬೇಡ.

ಕೊನೆಗೆ, ನಾನು ಫೋನಿನಲ್ಲಿ ಕೇಳಲು ಹಿಂಜರಿದ ವಿಷಯ. ನಿನಗಿಂತ ಮುಂಚೆ ಆ ಜಾಗದಲ್ಲಿ ಸೀನಿಯರ್ ಹುಡುಗಿಯೊಬ್ಬಳಿದ್ದಳಲ್ಲ, ಅವಳು ಈಗ ಹೇಗಿದ್ದಾಳೆ?

ಅದನ್ನು ಕೇಳಲು ಕಾರಣ ಜೇಲನ್ ಹರ್ಟ್ಸ್‌ನ ಕಥೆ. ಆಗ ಅವನಿಗೆ 19 ವರ್ಷ. ಅಲಬಾಮಾ ವಿಶ್ವವಿದ್ಯಾಲಯಕ್ಕೆ ಎರಡು ವರ್ಷ ಕ್ವಾರ್ಟರ್‌ಬ್ಯಾಕ್, ಸೋತದ್ದು ಬೆರಳೆಣಿಕೆಗೂ ಇಲ್ಲ. 2018ರ ಜನವರಿ 8ರಂದು ಅಟ್ಲಾಂಟಾದಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಮ್ಯಾಚಿನಲ್ಲಿ ಜಾರ್ಜಿಯಾ ವಿರುದ್ಧ 13-0ರಿಂದ ಹಿಂದಿದ್ದಾಗ, ಇಡೀ ದೇಶ ನೋಡುತ್ತಿರುವಾಗ, ಅರ್ಧದಲ್ಲೇ ಕೋಚ್ ಅವನನ್ನು ಕೂರಿಸಿ ಹೊಸ ಹುಡುಗ ತುವಾ ಟಾಗೊವೈಲೋವಾನನ್ನು ಇಳಿಸಿದ. ತುವಾ ಗೆಲ್ಲಿಸಿದ. ಕ್ಯಾಮೆರಾಗಳೆಲ್ಲ ಹರ್ಟ್ಸ್ ಮುಖದಲ್ಲಿ ಕಹಿ ಹುಡುಕಿದರೆ ಅವನು ಜೊತೆಯವರ ಜೊತೆ ಸಂಭ್ರಮಿಸುತ್ತಿದ್ದ. ಬೇರೆ ಕಾಲೇಜಿಗೆ ಹೋಗಬಹುದಿತ್ತು, ಹೋಗಲಿಲ್ಲ. ಒಂದು ಸೀಸನ್ ಬೆಂಚಿನಲ್ಲಿದ್ದ. ಆ ಡಿಸೆಂಬರಿನಲ್ಲಿ ಅದೇ ಕ್ರೀಡಾಂಗಣ, ಅದೇ ಜಾರ್ಜಿಯಾ, ತುವಾ ಕಾಲಿಗೆ ಪೆಟ್ಟು ಮಾಡಿಕೊಂಡು ಹೊರಬಂದ. ಹಿಂದಿದ್ದ ಟೀಮನ್ನು ಹರ್ಟ್ಸ್ ಒಂದು ಟಚ್‌ಡೌನ್ ಎಸೆದು ಸಮ ಮಾಡಿದ, ಇನ್ನೊಂದನ್ನು ತಾನೇ ಓಡಿ ಹೊಡೆದ, 35-28. 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾಗೆ ಸೂಪರ್ ಬೌಲ್ ಗೆದ್ದುಕೊಟ್ಟಾಗಲೂ ಅವನದು ಅದೇ ತಣ್ಣನೆಯ ಮುಖ.

ಹರ್ಟ್ಸ್ ಮತ್ತೆ ಇಳಿದ ದಿನ ಟೀಮು ಅವನ ಹಿಂದೆ ನಿಂತಿತು, ಯಾಕೆಂದರೆ ಅವನು ಬೆಂಚಿನಲ್ಲಿದ್ದಾಗಲೂ ಅವರವನಾಗಿಯೇ ಇದ್ದ. ನಿಮ್ಮ ಸೀನಿಯರ್ ಹುಡುಗಿಯೂ ಹಾಗೆ ಇರಬೇಕಾದರೆ ಅದರಲ್ಲಿ ನಿನ್ನದೂ ಪಾಲಿದೆ. ಎದುರು ಟೀಮಿನ ಡಿಫೆನ್ಸನ್ನು ಓದೋದು ಅವಳಿಗೆ ನಿನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪ್ರಾಕ್ಟೀಸ್ ಮುಗಿದ ಮೇಲೆ ಅವಳ ಪಕ್ಕ ಕೂತು ಕೇಳು. ಶುಕ್ರವಾರ ಸಂಜೆ ಮನೆಗೆ ಕರೆದುಕೊಂಡು ಬಾ, ಅಪ್ಪನಿಗೆ ಹೇಳಿದ್ದೇನೆ, ದೋಸೆ ಹಿಟ್ಟು ಫ್ರಿಜ್ಜಿನಲ್ಲಿರುತ್ತೆ. ಅವಳು ಏನು ಹೇಳಿದಳು ಅಂತ ನನಗೆ ಬರೆದು ಕಳಿಸು, ಕನ್ನಡದಲ್ಲೇ.

ಇಂತು ನಿನ್ನ,
ಅಮ್ಮ